ಜೇಬಿನ ಟಾರ್ಚು ಹತ್ತುತ್ತಿಲ್ಲವೇ? ಕೀಳುವ ಮೊದಲು ಅಳೆದು ನೋಡಿ

ನಮ್ಮ ಕಡೆ ಟಾರ್ಚಿಗೇ ಬ್ಯಾಟರಿ ಅನ್ನುತ್ತಾರೆ. ಅದರೊಳಗೆ ಹಾಕುವುದು ಶೆಲ್ಲು. ಕ್ಲಾಸಿನಲ್ಲಿ ನಾನು "ಬ್ಯಾಟರಿ ಚೆಕ್ ಮಾಡಿ" ಅಂದರೆ ಅರ್ಧ ಮಕ್ಕಳು ಇಡೀ ಟಾರ್ಚನ್ನೇ ಎತ್ತಿ ತೋರಿಸುತ್ತಾರೆ. ಆ ಗೊಂದಲ ಇಲ್ಲಿ ಬೇಡ. ಈ ಬರಹದಲ್ಲಿ ಟಾರ್ಚು ಅಂದರೆ ಟಾರ್ಚು, ಸೆಲ್ಲು ಅಂದರೆ ಸೆಲ್ಲು.

ಎಂಟನೇ ಕ್ಲಾಸಿನ ಮಕ್ಕಳ ಜೊತೆ ಪ್ರತಿ ವರ್ಷ ಟೆಕ್ನಾಲಜಿ ಪೀರಿಯಡ್ಡಿನಲ್ಲಿ ಜೇಬಿನಲ್ಲಿ ಹಿಡಿಸುವಂಥ ಸಣ್ಣ ಟಾರ್ಚು ಮಾಡಿಸುತ್ತೇನೆ. ಮೊದಲ ದಿನ ಅರ್ಧಕ್ಕಿಂತ ಜಾಸ್ತಿ ಟಾರ್ಚು ಹತ್ತುವುದೇ ಇಲ್ಲ. ಆಗ ಮಕ್ಕಳು ಮಾಡುವ ಕೆಲಸ ಒಂದೇ. ಎಲ್‌ಇಡಿ ಕಿತ್ತು ಬೇರೆ ಹಾಕುತ್ತಾರೆ. ಅದೂ ಹತ್ತಲಿಲ್ಲ ಅಂದರೆ ಇನ್ನೊಂದು. ಅಷ್ಟರಲ್ಲಿ ಸ್ವಿಚ್ಚಿನ ಕಾಲು ಮುರಿದಿರುತ್ತದೆ, ವೈರು ಗಿಡ್ಡವಾಗಿರುತ್ತದೆ, ಒಂದು ಇದ್ದ ತಪ್ಪು ಮೂರಾಗಿರುತ್ತದೆ. ಮೊದಮೊದಲು ನಾನೂ ಅದನ್ನೇ ಮಾಡುತ್ತಿದ್ದೆ. ಈಗ ನಮ್ಮ ಕ್ಲಾಸಿನಲ್ಲಿ ಒಂದು ಕಟ್ಟುನಿಟ್ಟು ಇದೆ: ನಾಲ್ಕು ಕಡೆ ವೋಲ್ಟ್ ಅಳೆಯುವ ಮೀಟರ್ ಇಟ್ಟು ನಾಲ್ಕು ನಂಬರ್ ಬರೆದ ಮೇಲೇ ಬೆಸುಗೆ ಹಾಕುವ ಐರನ್ ಕೈಗೆ ಸಿಗುವುದು.

ನಮ್ಮ ಟಾರ್ಚಿನ ಒಳಗೆ ಏನಿದೆ

ರಿಮೋಟಿಗೆ ಹಾಕುವ ಸಣ್ಣ ಸೆಲ್ಲು ಮೂರು, ಅವನ್ನು ಕೂರಿಸಲು ಪ್ಲಾಸ್ಟಿಕ್ ಸೆಲ್ ಬಾಕ್ಸು, ಮೂರು ಕಾಲಿನ ಜಾರು ಸ್ವಿಚ್ಚು, ಕರೆಂಟನ್ನು ಮಿತಿಯಲ್ಲಿಡುವ 68 ಓಮಿನ ರೆಸಿಸ್ಟರ್, 5 ಮಿಲಿಮೀಟರಿನ ಬಿಳಿ ಎಲ್‌ಇಡಿ. ಎಲ್ಲವೂ ಒಂದರ ಹಿಂದೆ ಒಂದು, ಸರದ ಮಣಿಯ ಹಾಗೆ. ಹೊರಗಿನ ಕವಚ ಪ್ರಾಜೆಕ್ಟಿಗೆ ಬಳಸುವ ಸನ್‌ಬೋರ್ಡಿನಲ್ಲಿ ಕತ್ತರಿಸಿದ್ದು.

ಮೂರು ಸೆಲ್ಲು ಯಾಕೆ, ಎರಡು ಸಾಲದಾ ಅಂತ ಪ್ರತಿ ಸಲ ಯಾರಾದರೂ ಕೇಳುತ್ತಾರೆ. ಬಿಳಿ ಎಲ್‌ಇಡಿ ಚೆನ್ನಾಗಿ ಉರಿಯಲು ಸುಮಾರು 3.2 ವೋಲ್ಟ್ ಬೇಕು. ಎರಡು ಸೆಲ್ಲಿನದು 3 ವೋಲ್ಟ್, ಅದೂ ಹೊಸದಾಗಿದ್ದಾಗ. ಮೊದಲ ದಿನ ಉರಿಯುತ್ತದೆ, ವಾರದಲ್ಲಿ ಮಂಕಾಗುತ್ತದೆ, "ನಿನ್ನೆ ಚೆನ್ನಾಗಿತ್ತು ಸಾರ್" ಶುರುವಾಗುತ್ತದೆ. ಕೆಂಪು ಎಲ್‌ಇಡಿಗಾದರೆ 2 ವೋಲ್ಟ್ ಸಾಕು. ಬಿಳಿ ಎಲ್‌ಇಡಿ ಒಳಗೆ ಇರುವುದು ನಿಜವಾಗಿ ನೀಲಿ ಬೆಳಕು ಕೊಡುವ ಪುಟ್ಟ ಚಿಪ್. ಮೇಲೆ ಹಳದಿ ಪುಡಿ ಬಳಿದಿರುತ್ತಾರೆ, ನೀಲಿಯೂ ಹಳದಿಯೂ ಸೇರಿ ಕಣ್ಣಿಗೆ ಬಿಳಿ ಕಾಣುತ್ತದೆ. ಆ ನೀಲಿಯನ್ನು ಸಾಧಿಸಿದ್ದಕ್ಕೆ ಅಕಾಸಾಕಿ, ಅಮಾನೊ, ನಕಮುರಾ ಎಂಬ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಇದನ್ನು ಹೇಳಿದ ದಿನ ಒಬ್ಬ ಹುಡುಗ ಎದ್ದು ನಿಂತ. "ಕೆಂಪು ಎಲ್‌ಇಡಿ 1962ರಲ್ಲೇ ಬಂತು ಅಂದ್ರಲ್ಲ, ಅವರಿಗೆ ಯಾಕೆ ಕೊಡಲಿಲ್ಲ?" ಒಳ್ಳೆಯ ಪ್ರಶ್ನೆ, ನನ್ನ ಹತ್ತಿರ ಉತ್ತರ ಇರಲಿಲ್ಲ.

ರೆಸಿಸ್ಟರಿನ ಲೆಕ್ಕ ಸುಲಭ. ಮೂರು ಸೆಲ್ಲಿನ 4.5ರಲ್ಲಿ ಎಲ್‌ಇಡಿಯ 3.2 ಕಳೆದರೆ ಉಳಿಯುವುದು 1.3 ವೋಲ್ಟ್. ಎಲ್‌ಇಡಿಗೆ 20 ಮಿಲಿಆಂಪಿಯರ್, ಅಂದರೆ 0.02 ಆಂಪಿಯರ್ ಕೊಡಬೇಕು. 1.3ನ್ನು 0.02ರಿಂದ ಭಾಗಿಸಿದರೆ 65. ಅಂಗಡಿಯಲ್ಲಿ ಸಿಗುವ ಹತ್ತಿರದ್ದು 68 ಓಮ್. ಅದರ ಬಣ್ಣ ನೀಲಿ, ಬೂದು, ಕಪ್ಪು, ಕೊನೆಗೆ ಚಿನ್ನದ ಪಟ್ಟಿ. ಮೂರನೇ ಬಣ್ಣವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮೊದಲ ಅನುಮಾನ ಮೀಟರಿನ ಮೇಲೆ

ಶಾಲೆಗಳಲ್ಲಿ ಇರುವುದು ಸಾಮಾನ್ಯವಾಗಿ ಅಗ್ಗದ ಹಳದಿ ಮಲ್ಟಿಮೀಟರ್. ಒಳ್ಳೆಯದೇ, ಆದರೆ ಅದನ್ನು ಕಣ್ಣು ಮುಚ್ಚಿ ನಂಬಬಾರದು. ಒಂದು ಇಡೀ ಪೀರಿಯಡ್ ನಾವು ಟಾರ್ಚಿನಲ್ಲಿ ತಪ್ಪು ಹುಡುಕಿದೆವು. ತಪ್ಪು ಇದ್ದದ್ದು ಮೀಟರಿನ ವೈರಿನಲ್ಲಿ, ಅದರ ತುದಿಗಿರುವ ಅಳೆಯುವ ಕಡ್ಡಿಯ ಹಿಡಿಯ ಒಳಗೇ ತುಂಡಾಗಿತ್ತು.

ಆದ್ದರಿಂದ ಪ್ರತಿ ಸಲ ಹೀಗೆ ಮಾಡಿ. ಬೀಪ್ ಬರುವ ಜಾಗಕ್ಕೆ ತಿರುಗಿಸಿ ಎರಡು ಕಡ್ಡಿ ಒಂದಕ್ಕೊಂದು ತಾಗಿಸಿ. ಕೂಗಬೇಕು. ಹಿಡಿಯ ಹತ್ತಿರ ವೈರನ್ನು ಅಲ್ಲಾಡಿಸಿದಾಗಲೂ ಕೂಗುತ್ತಲೇ ಇರಬೇಕು. ಆಮೇಲೆ ಡಿಸಿ 20 ವೋಲ್ಟಿಗೆ ತಿರುಗಿಸಿ ಒಂದು ಹೊಸ ಸೆಲ್ಲು ಅಳೆಯಿರಿ. 1.5ರಿಂದ 1.6 ಬರಬೇಕು. 1.9, 2 ಅಂತ ತೋರಿಸಿದರೆ ಸೆಲ್ಲು ಗಟ್ಟಿ ಅಂತ ಖುಷಿಪಡಬೇಡಿ. ಮೀಟರಿನ ಒಳಗಿರುವ 9 ವೋಲ್ಟ್ ಬ್ಯಾಟರಿ ಮುಗಿಯುತ್ತಾ ಬಂದಾಗ ಅದು ಹೀಗೆ ಜಾಸ್ತಿ ಜಾಸ್ತಿ ಹೇಳುತ್ತದೆ.

ಇನ್ನೊಂದು: ಕೆಂಪು ಕಡ್ಡಿ 10 ಆಂಪಿಯರಿನ ತೂತಿನಲ್ಲಿ ಇದೆಯಾ ನೋಡಿ. ಯಾರೋ ಹಿಂದಿನ ಪೀರಿಯಡ್ಡಿನಲ್ಲಿ ಕರೆಂಟ್ ಅಳೆದು ಹಾಗೇ ಬಿಟ್ಟು ಹೋಗಿರುತ್ತಾರೆ. ಆ ತೂತಿನಲ್ಲಿದ್ದಾಗ ಮೀಟರ್ ಬರೀ ಒಂದು ದಪ್ಪ ತಂತಿ ಇದ್ದ ಹಾಗೆ. ಸೆಲ್ಲಿನ ಎರಡು ತುದಿಗೆ ಇಟ್ಟರೆ ನೇರ ಶಾರ್ಟ್.

ನಾಲ್ಕು ಜಾಗ, ನಾಲ್ಕು ನಂಬರ್

ಈಗ ಮುಖ್ಯ ಕೆಲಸ. ಟಾರ್ಚಿನ ಸ್ವಿಚ್ ಆನ್ ಮಾಡಿ. ಉರಿಯದಿದ್ದರೂ ಆನ್ ಮಾಡಿ ಇಟ್ಟಿರಿ. ಮೀಟರಿನ ಕಪ್ಪು ಕಡ್ಡಿಯನ್ನು ಸೆಲ್ ಬಾಕ್ಸಿನ ಮೈನಸ್ ವೈರು ಹೊರಡುವ ಲೋಹದ ಮೇಲೆ ಒತ್ತಿ ಹಿಡಿಯಿರಿ. ಕ್ರೊಕೊಡೈಲ್ ಕ್ಲಿಪ್ ಇದ್ದರೆ ಅಲ್ಲೇ ಕಚ್ಚಿಸಿಬಿಡಿ, ಒಂದು ಕೈ ಬಿಡುವಾಗುತ್ತದೆ. ಕಪ್ಪು ಅಲ್ಲಿಂದ ಕದಲಬಾರದು. ಕೆಂಪು ಕಡ್ಡಿ ಮಾತ್ರ ನಡೆಯುತ್ತಾ ಹೋಗುತ್ತದೆ.

ಒಂದನೇ ಜಾಗ ಸೆಲ್ ಬಾಕ್ಸಿನ ಪ್ಲಸ್. ಎರಡನೆಯದು ಸ್ವಿಚ್ಚು ದಾಟಿದ ಮೇಲೆ. ಮೂರನೆಯದು ರೆಸಿಸ್ಟರ್ ದಾಟಿದ ಮೇಲೆ, ಅಂದರೆ ಎಲ್‌ಇಡಿಯ ಉದ್ದದ ಕಾಲು. ನಾಲ್ಕನೆಯದು ಎಲ್‌ಇಡಿಯ ಗಿಡ್ಡ ಕಾಲು. ಚೆನ್ನಾಗಿ ಉರಿಯುವ ಟಾರ್ಚಿನಲ್ಲಿ ಈ ನಾಲ್ಕು ನಂಬರು ಸುಮಾರು 4.5, 4.5, 3.2, 0 ಬರುತ್ತವೆ. ಇದನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಿಟ್ಟಿದ್ದೇವೆ. ಕೆಟ್ಟ ಟಾರ್ಚಿನಲ್ಲಿ ಯಾವ ಜಾಗದಲ್ಲಿ ಲೆಕ್ಕ ತಪ್ಪಿತೋ, ಕೈ ಹಾಕಬೇಕಾದ್ದು ಅಲ್ಲೇ.

ಒಂದನೇ ಜಾಗದಲ್ಲೇ 4.5 ಇಲ್ಲ ಅಂದುಕೊಳ್ಳಿ. ಅಲ್ಲಿ 1.5 ಬಂದರೆ ಬಾಕ್ಸು ಬಿಚ್ಚದೆಯೇ ಹೇಳಬಹುದು: ಒಂದು ಸೆಲ್ಲು ತಿರುಗುಮುರುಗಾಗಿದೆ. ಎರಡು ಸೆಲ್ಲು ಮುಂದಕ್ಕೆ ತಳ್ಳುತ್ತವೆ, ಒಂದು ಹಿಂದಕ್ಕೆ ಎಳೆಯುತ್ತದೆ, ಉಳಿಯುವುದು ಒಂದರ ಪಾಲು. ಮಕ್ಕಳಿಗೆ ಇದು ಜಾದೂ ಥರ ಕಾಣುತ್ತದೆ. ಸ್ಪ್ರಿಂಗಿನ ಕಡೆ ಯಾವಾಗಲೂ ಸೆಲ್ಲಿನ ಚಪ್ಪಟೆ ತಳ ಬರಬೇಕು ಅನ್ನುವುದು ಅಲ್ಲಿಗೆ ತಲೆಗೆ ಹತ್ತುತ್ತದೆ. ಪೂರಾ 0 ಬಂದರೆ ಯಾವುದೋ ಸೆಲ್ಲು ತಾಗುತ್ತಿಲ್ಲ. ಕೆಲವು ಬಾಕ್ಸಿನ ಪ್ಲಸ್ ತಗಡು ಒಳಗೆ ಸರಿದಿರುತ್ತದೆ, ಕೆಲವು ಸೆಲ್ಲಿನ ಮೂಗು ಗಿಡ್ಡ. ಎರಡೂ ಸೇರಿದರೆ ಕೂದಲೆಳೆಯಷ್ಟು ಸಂದು. ತಗಡನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಸ್ವಲ್ಪ ಮುಂದಕ್ಕೆ ಬಗ್ಗಿಸಿ.

ಒಂದರಲ್ಲಿ 4.5, ಎರಡರಲ್ಲಿ 0. ಸ್ವಿಚ್ಚು, ಅಥವಾ ಅದರ ಬೆಸುಗೆ. ಇದರ ಕಥೆ ಆಮೇಲೆ ಹೇಳುತ್ತೇನೆ.

ಎರಡರಲ್ಲಿ 4.5, ಮೂರರಲ್ಲಿ 0. ಇಲ್ಲಿ ಎರಡು ಕಾರಣ ಇರಬಹುದು. ರೆಸಿಸ್ಟರಿನ ಕಾಲು ಬಿಟ್ಟಿರಬಹುದು. ಇಲ್ಲವೇ ಎಲ್‌ಇಡಿಯ ಎರಡು ಕಾಲು ಒಂದಕ್ಕೊಂದು ತಾಗಿ, ಕರೆಂಟು ಎಲ್‌ಇಡಿಯನ್ನು ಬಿಟ್ಟು ಅಡ್ಡದಾರಿಯಲ್ಲಿ ಹೋಗುತ್ತಿರಬಹುದು. ನಂಬರ್ ಎರಡಕ್ಕೂ ಒಂದೇ. ಬೆರಳಿನಿಂದ ರೆಸಿಸ್ಟರನ್ನು ಮೆಲ್ಲಗೆ ಮುಟ್ಟಿ ನೋಡಿ. ತಣ್ಣಗಿದ್ದರೆ ಕಾಲು ಬಿಟ್ಟಿದೆ. ಸುಡುತ್ತಿದ್ದರೆ ಶಾರ್ಟ್ ಆಗಿದೆ. ಯಾಕೆಂದರೆ ಆಗ 4.5 ವೋಲ್ಟೂ ಆ ಬಡಪಾಯಿ ರೆಸಿಸ್ಟರಿನ ಮೇಲೇ ಬಿದ್ದು, ಸುಮಾರು 0.3 ವ್ಯಾಟ್ ಆಗುತ್ತದೆ. ನಾವು ಹಾಕಿರುವುದು 0.25 ವ್ಯಾಟ್ ತಡೆಯುವಂಥದ್ದು.

ಮೂರರಲ್ಲೂ 4.5. ಅಂದರೆ ರೆಸಿಸ್ಟರಿನಲ್ಲಿ ಏನೂ ಇಳಿದಿಲ್ಲ, ಕರೆಂಟು ಹರಿಯುತ್ತಲೇ ಇಲ್ಲ, ತಡೆ ಮುಂದೆ ಎಲ್ಲೋ ಇದೆ. ಈಗ ನಾಲ್ಕನೇ ಜಾಗ ನೋಡಿ. ಅಲ್ಲಿ 0 ಬಂದರೆ ಎಲ್‌ಇಡಿ ಉಲ್ಟಾ ಆಗಿದೆ ಅಥವಾ ಸತ್ತಿದೆ.

ನಾಲ್ಕನೇ ಜಾಗದಲ್ಲಿ 0 ಬರದೆ 2 ವೋಲ್ಟಿನ ಆಸುಪಾಸು ಏನೋ ಬಂದರೆ? ಇದು ನನ್ನನ್ನೂ ಬಹಳ ದಿನ ಕಾಡಿತು. 4.5 ಅಲ್ಲ, 0 ಅಲ್ಲ, ನಡುವೆ ಎಲ್ಲಿಂದ ಬಂತು? ಎಲ್‌ಇಡಿಯಿಂದ ಸೆಲ್ ಬಾಕ್ಸಿಗೆ ವಾಪಸ್ ಹೋಗುವ ಮೈನಸ್ ವೈರು ಕಡಿದಾಗ ಹೀಗಾಗುತ್ತದೆ. ಕರೆಂಟಿಗೆ ಬೇರೆ ದಾರಿ ಇಲ್ಲ, ಮೀಟರಿನ ಒಳಗಿನಿಂದಲೇ ಹೋಗಬೇಕು. ಮೀಟರ್ ಬಿಡುವುದು ಒಂದೆರಡು ಮೈಕ್ರೊಆಂಪಿಯರ್ ಮಾತ್ರ. ಅಷ್ಟು ಕಡಿಮೆ ಕರೆಂಟಿಗೂ ಬಿಳಿ ಎಲ್‌ಇಡಿ ತನ್ನ ಪಾಲು ಎರಡು ಚಿಲ್ಲರೆ ವೋಲ್ಟ್ ಹಿಡಿದುಕೊಳ್ಳುತ್ತದೆ. ಮಿಕ್ಕದ್ದು ಮೀಟರಿಗೆ. ಹಾಗಾಗಿ ಆ ಅರೆಬರೆ ನಂಬರ್ ಒಳ್ಳೆಯ ಸುದ್ದಿ: ಎಲ್‌ಇಡಿ ಬದುಕಿದೆ, ಸರಿಯಾಗಿಯೇ ಕೂತಿದೆ, ವೈರು ಮಾತ್ರ ಹೋಗಿದೆ.

ನಾಲ್ಕೂ ಸರಿ ಬಂದು ಬೆಳಕು ಕಾಣದಿದ್ದರೆ ಟಾರ್ಚನ್ನು ತಿರುಗಿಸಿ ನೋಡಿ. ಎಲ್‌ಇಡಿ ತೂತಿನಿಂದ ಜಾರಿ ಕವಚದ ಒಳಗೇ ಉರಿಯುತ್ತಿರುತ್ತದೆ. ನಗಬೇಡಿ, ಎರಡು ಸಲ ಆಗಿದೆ.

ಎಲ್‌ಇಡಿ ಉಲ್ಟಾ ಆದರೆ

ಇದೇ ಎಲ್ಲಕ್ಕಿಂತ ಜಾಸ್ತಿ ಆಗುವ ತಪ್ಪು. ಇದರಲ್ಲಿ ಗಾಬರಿ ಪಡುವಂಥದ್ದು ಏನೂ ಇಲ್ಲ. ಇಂಥ ಎಲ್‌ಇಡಿಗಳು ಸಾಮಾನ್ಯವಾಗಿ 5 ವೋಲ್ಟಿನವರೆಗೆ ಉಲ್ಟಾ ಕೊಟ್ಟರೂ ತಡೆದುಕೊಳ್ಳುತ್ತವೆ, ನಮ್ಮದು 4.5. ತಿರುಗಿಸಿ ಹಾಕಿದರೆ ಉರಿಯುತ್ತದೆ. 9 ವೋಲ್ಟಿನ ಚೌಕ ಬ್ಯಾಟರಿ ಬಳಸಿದ್ದರೆ ಈ ಮಾತು ಹೇಳಲಾರೆ.

ಉದ್ದದ ಕಾಲು ಪ್ಲಸ್. ಕಾಲು ಕತ್ತರಿಸಿಯಾಗಿದ್ದರೆ ಎಲ್‌ಇಡಿಯ ಬುಡದ ಅಂಚನ್ನು ಉಗುರಿನಿಂದ ಸವರಿ. ದುಂಡನೆಯ ಅಂಚಿನಲ್ಲಿ ಒಂದು ಕಡೆ ಚಪ್ಪಟೆ ಇರುತ್ತದೆ, ಅದು ಮೈನಸ್ ಕಡೆ. ಮೀಟರಿನ ಡಯೋಡ್ ಜಾಗದಲ್ಲಿ ಇಟ್ಟು ನೋಡುತ್ತೇನೆ ಅನ್ನುವವರಿಗೆ ಒಂದು ಎಚ್ಚರಿಕೆ. ಅಗ್ಗದ ಮೀಟರ್ ಅಲ್ಲಿ ಮೂರು ವೋಲ್ಟಿಗಿಂತ ಕಡಿಮೆ ಕೊಡುತ್ತದೆ. ಬಿಳಿ ಎಲ್‌ಇಡಿ ಚೆನ್ನಾಗಿದ್ದರೂ ಎಡಗಡೆ ಬರೀ 1 ತೋರಿಸಿ ಸುಮ್ನೆ ಕೂರುತ್ತದೆ. ಹಾಗಂತ ಎಸೆದುಬಿಟ್ಟ ಒಳ್ಳೆಯ ಎಲ್‌ಇಡಿಗಳು ಎಷ್ಟೋ. ರೆಸಿಸ್ಟರ್ ಸೇರಿಸಿ ಮೂರು ಸೆಲ್ಲಿಗೆ ತಾಗಿಸಿ ನೋಡುವುದೇ ನಂಬಬಹುದಾದ ಪರೀಕ್ಷೆ.

ರೆಸಿಸ್ಟರ್ ಇಲ್ಲದೆ ನೇರ ತಾಗಿಸಿದರೆ ಒಂದು ಕ್ಷಣ ಕಣ್ಣು ಕೋರೈಸುತ್ತದೆ, ಆಮೇಲೆ ನೀಲಿಗಟ್ಟಿ ಸಾಯುತ್ತದೆ. "ಆ ಯೂಟ್ಯೂಬ್ ಅಣ್ಣ ರೆಸಿಸ್ಟರ್ ಹಾಕಲೇ ಇಲ್ಲ ಸಾರ್" ಅನ್ನುತ್ತಾರೆ ಮಕ್ಕಳು. ನಿಜ, ಅವರು ಬಳಸಿದ್ದು ವಾಚ್ ಸೆಲ್ಲಿನಂಥ ದುಂಡನೆಯ 3 ವೋಲ್ಟಿನ ಸೆಲ್ಲು. ಅದರಿಂದ ಜಾಸ್ತಿ ಕರೆಂಟು ಬರುವುದೇ ಇಲ್ಲ, ಅದರ ಒಳಗಿನ ತಡೆಯೇ ರೆಸಿಸ್ಟರಿನ ಕೆಲಸ ಮಾಡುತ್ತದೆ. ಟಾರ್ಚು ಬಹಳ ಸಣ್ಣದೂ ಆಗುತ್ತದೆ. ಆದರೂ ನಾನು ಅದನ್ನು ಕ್ಲಾಸಿಗೆ ತರುವುದಿಲ್ಲ. ಮಕ್ಕಳ ಮನೆಯಲ್ಲಿ ಪುಟ್ಟ ತಮ್ಮ ತಂಗಿಯರು ಇರುತ್ತಾರೆ. ಆ ಸೆಲ್ಲು ನುಂಗಿದರೆ ಅನ್ನನಾಳ ಸುಟ್ಟುಹೋಗುತ್ತದೆ.

ಆಫ್ ಮಾಡಿದರೆ ಬಿಸಿಯಾಗುವ ಟಾರ್ಚು

ಹೋದ ವರ್ಷ ಒಬ್ಬ ಹುಡುಗಿಯ ಟಾರ್ಚು ಮೊದಲ ಸಲಕ್ಕೇ ಹತ್ತಿತು. ಅವಳಿಗೆ ಮೀಟರಿನ ಗೊಡವೆಯೇ ಬೇಕಾಗಲಿಲ್ಲ. ಅವಳ ತಾತ ರಾತ್ರಿ ತ್ರೀಫೇಸ್ ಕರೆಂಟ್ ಬಂದಾಗ ತೋಟಕ್ಕೆ ಹೋಗಿ ಮೋಟರ್ ಹಾಕುತ್ತಾರಂತೆ, ಅವರಿಗೆ ಕೊಡುತ್ತೇನೆ ಅಂತ ಮನೆಗೆ ಒಯ್ದಳು. ಮಾರನೇ ದಿನ ಮುಖ ಸಪ್ಪಗೆ ಮಾಡಿಕೊಂಡು ಬಂದಳು. "ಬೆಳಿಗ್ಗೆ ಹತ್ತಲೇ ಇಲ್ಲ ಸಾರ್. ರಾತ್ರಿ ಆಫ್ ಮಾಡೇ ಇಟ್ಟಿದ್ದೆ." ಹೊಸ ಸೆಲ್ಲು ಹಾಕಿದೆವು, ಹತ್ತಿತು. ಮತ್ತೆ ಮಾರನೇ ದಿನ ಅದೇ ಕಥೆ. ಮೂರನೇ ದಿನ ಅವಳು ಇನ್ನೊಂದು ಮಾತು ಸೇರಿಸಿದಳು: "ಸಾರ್, ಆನ್ ಇದ್ದಾಗ ತಣ್ಣಗಿರುತ್ತೆ. ಆಫ್ ಮಾಡಿದ್ರೆ ಬಿಸಿ ಆಗುತ್ತೆ."

ಆ ಒಂದು ವಾಕ್ಯದಲ್ಲಿ ಎಲ್ಲವೂ ಇತ್ತು. ನಾನೇ ಎರಡು ದಿನ ಸರಿಯಾಗಿ ಕೇಳಿರಲಿಲ್ಲ.

ಜಾರು ಸ್ವಿಚ್ಚಿಗೆ ಮೂರು ಕಾಲು. ನಡುವಿನ ಕಾಲು ಎರಡು ಕಡೆಗೂ ಸೇರಿದ್ದು. ಮೇಲೆ ಜಾರುವ ಗುಬ್ಬಿಯನ್ನು ಒಂದು ಕಡೆಗೆ ಸರಿಸಿದರೆ ನಡುವಿನದು ಆ ಕಡೆಯ ಕಾಲಿಗೆ ಕೂಡುತ್ತದೆ, ಇನ್ನೊಂದು ಕಡೆಗೆ ಸರಿಸಿದರೆ ಇನ್ನೊಂದಕ್ಕೆ. ಟಾರ್ಚಿಗೆ ಬೇಕಾದ್ದು ನಡುವಿನದೂ ಪಕ್ಕದ ಒಂದೂ ಮಾತ್ರ. ಮೂರನೆಯದು ಖಾಲಿ ಇರಬೇಕು. ಅವಳು ಖಾಲಿ ಬಿಡಲು ಮನಸ್ಸು ಬಾರದೆ ಅಲ್ಲಿಗೆ ಮೈನಸ್ ವೈರು ಬೆಸೆದಿದ್ದಳು. ಮೂರು ಕಾಲು ಇದೆ ಅಂದರೆ ಮೂರಕ್ಕೂ ಏನಾದರೂ ಕೊಡಬೇಕು ಅಂತ. ಆನ್ ಮಾಡಿದಾಗ ಪ್ಲಸ್ಸು ಎಲ್‌ಇಡಿಯ ಕಡೆ ಹೋಗುತ್ತಿತ್ತು, ಚೆನ್ನಾಗಿ ಉರಿಯುತ್ತಿತ್ತು. ಆಫ್ ಮಾಡಿದ ಕೂಡಲೇ ಪ್ಲಸ್ಸು ನೇರ ಮೈನಸ್ಸಿಗೆ. ರಾತ್ರಿಯಿಡೀ ಶಾರ್ಟ್.

ನಾಲ್ಕು ನಂಬರಿನ ಪರೀಕ್ಷೆ ಇಲ್ಲಿ ಕೈಕೊಡುತ್ತದೆ ನೋಡಿ. ಆನ್ ಇದ್ದಾಗ ಎಲ್ಲವೂ ಸರಿ ಬರುತ್ತದೆ. ಅದಕ್ಕೇ ಈಗ ಐದನೇ ಅಳತೆಯನ್ನೂ ಸೇರಿಸಿದ್ದೇವೆ: ಸ್ವಿಚ್ ಆಫ್ ಮಾಡಿ, ಸೆಲ್ ಬಾಕ್ಸಿನ ಪ್ಲಸ್ ಮೈನಸ್ ನಡುವೆ ಅಳೆಯಿರಿ. ಆಫ್ ಆದಾಗ ವೋಲ್ಟೇಜು ಸ್ವಲ್ಪ ಏರಬೇಕು, ಯಾಕೆಂದರೆ ಸೆಲ್ಲಿನ ಮೇಲಿನ ಭಾರ ಇಳಿಯಿತು. ಕುಸಿದರೆ ತಕ್ಷಣ ಒಂದು ಸೆಲ್ಲು ಹೊರಗೆ ತೆಗೆಯಿರಿ.

ಇವು ಸಣ್ಣ ಮಾಮೂಲಿ ಸೆಲ್ಲು ಆದ್ದರಿಂದ ಬಿಸಿಯಾಗಿ ಸತ್ತವು, ಅಷ್ಟೇ. ಹಳೆಯ ಮೊಬೈಲಿನ ಬ್ಯಾಟರಿ ಇದೆ, ಅದನ್ನೇ ಹಾಕೋಣ ಅಂತ ಯಾರಾದರೂ ತಂದರೆ ಬೇಡ ಅನ್ನಿ. ಲಿಥಿಯಂ ಬ್ಯಾಟರಿ ಇದೇ ತಪ್ಪಿಗೆ ಜೇಬಿನಲ್ಲೇ ಬೆಂಕಿ ಹಿಡಿಯಬಹುದು.

ಸ್ವಿಚ್ಚಿನ ಇನ್ನೆರಡು ತೊಂದರೆ ಚಿಕ್ಕವು. ಎರಡು ತುದಿಯ ಕಾಲಿಗೇ ವೈರು ಕೊಟ್ಟು ನಡುವಿನದನ್ನು ಬಿಟ್ಟರೆ ಯಾವತ್ತೂ ಹತ್ತುವುದಿಲ್ಲ. ಐರನ್ನನ್ನು ಕಾಲಿನ ಮೇಲೆ ಬಹಳ ಹೊತ್ತು ಇಟ್ಟರೆ ಒಳಗಿನ ಪ್ಲಾಸ್ಟಿಕ್ಕು ಕರಗಿ ಗುಬ್ಬಿ ಬಿಗಿಯಾಗುತ್ತದೆ. ಮೂರು ಸೆಕೆಂಡಿನಲ್ಲಿ ಕೆಲಸ ಮುಗಿಯಲಿಲ್ಲವೇ, ಐರನ್ ಎತ್ತಿ, ಆರಲು ಬಿಡಿ, ಮತ್ತೆ ಶುರುಮಾಡಿ.

ತಟ್ಟಿದರೆ ಹತ್ತುತ್ತದೆ

ಹಳೆಯ ಟಿವಿಯಿಂದ ಬಂದ ಅಭ್ಯಾಸ, ತಲೆಗೊಂದು ಕೊಟ್ಟರೆ ಸರಿಯಾಗುತ್ತದೆ. ಟಾರ್ಚೂ ಹಾಗೇ ಸರಿಯಾದರೆ ಬೆಸುಗೆ ಕೆಟ್ಟಿದೆ ಅಂತ ಅರ್ಥ. ಚೆನ್ನಾಗಿ ಆದ ಬೆಸುಗೆ ಹೊಳೆಯುತ್ತದೆ, ಕಾಲಿನ ಸುತ್ತ ಗುಡ್ಡದ ತಪ್ಪಲಿನ ಹಾಗೆ ಇಳಿದು ಹರಡಿರುತ್ತದೆ. ಕೆಟ್ಟದ್ದು ಮಂಕಾಗಿ, ಉಂಡೆಯಾಗಿ, ಕೆಸುವಿನೆಲೆ ಮೇಲಿನ ನೀರ ಹನಿಯ ಹಾಗೆ ಅಂಟದೆ ಕೂತಿರುತ್ತದೆ. ಮಕ್ಕಳು ಸೋಲ್ಡರನ್ನು, ಅಂದರೆ ಬೆಸೆಯುವ ಲೋಹದ ತಂತಿಯನ್ನು, ಐರನ್ನಿನ ತುದಿಯಲ್ಲಿ ಕರಗಿಸಿ, ಆ ಹನಿಯನ್ನು ತಂದು ತಣ್ಣನೆಯ ವೈರಿನ ಮೇಲೆ ಒರೆಸುವುದೇ ಇದಕ್ಕೆ ಕಾರಣ. ಮೊದಲು ವೈರನ್ನೂ ಕಾಲನ್ನೂ ಬಿಸಿ ಮಾಡಬೇಕು. ಸೋಲ್ಡರನ್ನು ಆ ಬಿಸಿಯಾದ ಜಾಗಕ್ಕೆ ತಾಗಿಸಬೇಕು, ಐರನ್ನಿಗಲ್ಲ.

ಯಾವ ಬೆಸುಗೆ ಅಂತ ಹುಡುಕಲು ಟಾರ್ಚು ಆನ್ ಮಾಡಿ, ಒಣಗಿದ ಮರದ ಕಡ್ಡಿಯಿಂದ ಒಂದೊಂದೇ ಕಾಲನ್ನು ಮೆಲ್ಲಗೆ ಒತ್ತುತ್ತಾ ಹೋಗಿ. ಒಂದು ಕಡೆ ಮಿಣುಕ್ ಅನ್ನುತ್ತದೆ. ಬೆರಳಿನಿಂದ ಒತ್ತಿದರೆ ಎಲ್ಲವೂ ಒಟ್ಟಿಗೆ ಅಲ್ಲಾಡಿ ಏನೂ ಗೊತ್ತಾಗುವುದಿಲ್ಲ.

ವೈರು ಹಲ್ಲಿನಲ್ಲಿ ಕಚ್ಚಿ ಸುಲಿದಿದ್ದರೆ, ಸಿಪ್ಪೆ ಮುಗಿಯುವ ಜಾಗದಲ್ಲಿ ನೋಡಿ. ಒಂಟಿ ಎಳೆಯ ವೈರಿನಲ್ಲಿ ಅಲ್ಲಿ ಗಾಯವಾಗಿ ನಾಲ್ಕು ಸಲ ಬಗ್ಗಿಸಿದ ಮೇಲೆ ಕಡಿಯುತ್ತದೆ. ಹೊರಗಿನ ಪ್ಲಾಸ್ಟಿಕ್ ಹಿಡಿದುಕೊಂಡಿರುವುದರಿಂದ ಕಣ್ಣಿಗೆ ಕಾಣುವುದಿಲ್ಲ. ಇನ್ನು ಗ್ಲೂ ಗನ್. ಟಾರ್ಚು ಪರೀಕ್ಷೆ ಮುಗಿಯುವವರೆಗೂ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತೇನೆ. ಅಂಟು ಬಳಿದ ಬೆಸುಗೆಯ ಒಳಗೆ ಬಿರುಕಿದೆಯಾ ಅಂತ ದೇವರೇ ಹೇಳಬೇಕು.

ಬೆಸುಗೆ ಬೇಡ ಅಂತ ತಾಮ್ರದ ಟೇಪ್ ಬಳಸಿದವರಿಗೆ: ಅಗ್ಗದ ಟೇಪಿನ ಅಂಟಿನಲ್ಲಿ ಕರೆಂಟು ಹರಿಯುವುದಿಲ್ಲ. ಒಂದು ತುಂಡಿನ ಮೇಲೆ ಇನ್ನೊಂದು ಅಂಟಿಸಿದರೆ ನಡುವೆ ಅಂಟಿನ ಗೋಡೆ. ಮೂಲೆಯಲ್ಲಿ ಕತ್ತರಿಸದೆ ಮಡಚಿಕೊಂಡೇ ತಿರುಗಿಸಿ.

ಟೇಬಲ್ ಮೇಲೆ ಉರಿಯಿತು, ಮುಚ್ಚಿದರೆ ಆರಿತು

ಮುಚ್ಚಳ ಹಾಕಿದ ಕೂಡಲೇ ಆರುವುದು, ತೆಗೆದರೆ ಹತ್ತುವುದು. ಈಗ ಮೀಟರ್ ಇಡಲು ಜಾಗವೂ ಇಲ್ಲ. ಮುಚ್ಚಳ ಹಾಕಿ ಹತ್ತು ಸೆಕೆಂಡ್ ಬಿಟ್ಟು, ತೆಗೆದು ರೆಸಿಸ್ಟರ್ ಮುಟ್ಟಿ. ಬಿಸಿಯಾಗಿದ್ದರೆ ಮುಚ್ಚಳ ಎಲ್‌ಇಡಿಯ ಕಾಲುಗಳನ್ನು ಒಂದಕ್ಕೊಂದು ಒತ್ತುತ್ತಿದೆ. ತಣ್ಣಗಿದ್ದರೆ ಯಾವುದೋ ವೈರನ್ನು ಎಳೆಯುತ್ತಿದೆ.

ನಮ್ಮಲ್ಲಿ ಹತ್ತರಲ್ಲಿ ಎಂಟು ಸಲ ಬಿಸಿಯೇ. ಅದಕ್ಕೆ ಕಾರಣ ಬೆಳ್ಳಿ ಕಾಗದ. ಟಾರ್ಚು ಅಂದರೆ ಹಿಂದೆ ಹೊಳೆಯುವ ಬಟ್ಟಲು ಇರಬೇಕು ಅಂತ ಮಕ್ಕಳು ಅಲ್ಯೂಮಿನಿಯಂ ಫಾಯಿಲ್ ಮೆತ್ತುತ್ತಾರೆ. ಅದು ಸರಿಯಾಗಿ ಎಲ್‌ಇಡಿಯ ಬುಡದಲ್ಲಿ ಎರಡೂ ಕಾಲಿಗೆ ತಾಗುತ್ತದೆ. ಹಳೆಯ ಬಲ್ಬಿನ ಬೆಳಕು ಎಲ್ಲ ಕಡೆ ಚೆಲ್ಲುತ್ತಿತ್ತು, ಅದಕ್ಕೆ ಬಟ್ಟಲು ಬೇಕಿತ್ತು. ಈ 5 ಮಿಲಿಮೀಟರಿನ ಎಲ್‌ಇಡಿಯ ದುಂಡನೆಯ ತಲೆಯೇ ಲೆನ್ಸು, ಬೆಳಕು ಮುಂದಕ್ಕೇ ಹೋಗುತ್ತದೆ. ಫಾಯಿಲ್ಲಿನಿಂದ ಲಾಭ ಇಲ್ಲವೇ ಇಲ್ಲ ಅನ್ನಬಹುದು. ಆದರೂ ಬೇಕು ಅಂತ ಹಟ ಹಿಡಿದರೆ ಕಾಲುಗಳಿಗೆ ವೈರಿನ ಖಾಲಿ ಸಿಪ್ಪೆ ತೊಡಿಸಿ.

ಉರಿಯುತ್ತದೆ, ಆದರೆ ಮಿಂಚುಹುಳದ ಹಾಗೆ

ಇಲ್ಲಿ ಮೂರನೇ ಬಣ್ಣ. ನೀಲಿ, ಬೂದು, ಕಪ್ಪು ಅಂದರೆ 68 ಓಮ್. ಮೂರನೆಯದು ಕಂದು ಆದರೆ 680. ಕಿತ್ತಳೆ ಆದರೆ 68 ಸಾವಿರ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಕಪ್ಪೂ ಕಂದೂ ಒಂದೇ ಥರ ಕಾಣುತ್ತವೆ. ಒಂದು ವರ್ಷ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಒಂದು ಕಟ್ಟು ರೆಸಿಸ್ಟರ್ ತಂದೆ, ಪೊಟ್ಟಣದ ಮೇಲೆ 68 ಅಂತಲೇ ಬರೆದಿತ್ತು. ಒಳಗೆ ಎಲ್ಲವೂ 680. ಅಂಗಡಿಯವರನ್ನು ಬೈಯಲೂ ಆಗಲಿಲ್ಲ, ನಾನೂ ನೋಡದೆ ಹಂಚಿದ್ದೆ. ಇಡೀ ಕ್ಲಾಸಿನ ಟಾರ್ಚು ಮಂಕು. ಬೆಸೆಯುವ ಮುಂಚೆ ಮೀಟರನ್ನು 200 ಓಮಿಗಿಟ್ಟು ಅಳೆದುಬಿಟ್ಟರೆ ಬಣ್ಣದ ರಗಳೆಯೇ ಇಲ್ಲ.

68 ಸಾವಿರದ್ದು ಹಾಕಿದ ಟಾರ್ಚು ಹಗಲಲ್ಲಿ ಸತ್ತಂತೆಯೇ ಕಾಣುತ್ತದೆ. ಅಂಗೈ ಮುಚ್ಚಿ ಕತ್ತಲು ಮಾಡಿ ಒಳಗೆ ಇಣುಕಿ. ಚುಕ್ಕಿಯಷ್ಟು ಬೆಳಕಿದ್ದರೆ ದಾರಿ ಎಲ್ಲ ಸರಿ ಇದೆ, ರೆಸಿಸ್ಟರ್ ಮಾತ್ರ ತಪ್ಪು. ಆಗ ಮೂರನೇ ಜಾಗದ ನಂಬರೂ 3.2 ಇರುವುದಿಲ್ಲ, ಎರಡೂವರೆ ಹತ್ತಿರ ಇಳಿದಿರುತ್ತದೆ.

ರೆಸಿಸ್ಟರ್ ಸರಿ ಇದ್ದೂ ಮಂಕಾದರೆ ಸೆಲ್ಲು. ಅದನ್ನು ಹೊರಗೆ ತೆಗೆದು ಅಳೆದರೆ 1.4 ಅಂತ ಚೆನ್ನಾಗಿಯೇ ತೋರಿಸುತ್ತದೆ. ಮುದಿ ಎತ್ತು ಕೊಟ್ಟಿಗೆಯಲ್ಲಿ ನಿಂತಾಗ ಗಟ್ಟಿಯಾಗಿಯೇ ಕಾಣುತ್ತದೆ ಅಲ್ವಾ, ನೊಗ ಹೊರಿಸಿದಾಗ ತಾನೇ ಗೊತ್ತಾಗುವುದು. ಟಾರ್ಚು ಆನ್ ಇರುವಾಗಲೇ ಒಂದೊಂದು ಸೆಲ್ಲಿನ ಎರಡು ತುದಿಗೂ ಕಡ್ಡಿ ಇಟ್ಟು ಅಳೆಯಿರಿ. ಮೂರರಲ್ಲಿ ಒಂದು 1ಕ್ಕಿಂತ ಕೆಳಗೆ ಕುಸಿದಿರುತ್ತದೆ. ತೆಗೆಯುವಾಗ ಮೂರನ್ನೂ ತೆಗೆಯಿರಿ.

ಬೆಳಕು ಸಾಲದು ಅಂತ ಇನ್ನೊಂದು ಎಲ್‌ಇಡಿ ಪಕ್ಕದಲ್ಲೇ ಜೋಡಿಸುವವರೂ ಇದ್ದಾರೆ. ಎರಡಕ್ಕೂ ಒಂದೇ ರೆಸಿಸ್ಟರ್ ಕೊಟ್ಟರೆ ಒಂದು ಜಾಸ್ತಿ, ಒಂದು ಕಡಿಮೆ ಉರಿಯುತ್ತದೆ. ಚಂದಕ್ಕೆ ಅಂತ ಬಿಳಿಯ ಪಕ್ಕ ಕೆಂಪು ಹಾಕಿದರೆ ಬಿಳಿ ಪೂರ್ತಿ ಆರುತ್ತದೆ. ಕೆಂಪು 2 ವೋಲ್ಟಿಗೇ ಬಾಯಿ ತೆರೆದು ಎಲ್ಲವನ್ನೂ ಕುಡಿಯುತ್ತದೆ, 3ರ ಹತ್ತಿರ ಬರುವವರೆಗೆ ಕಾಯುವ ಬಿಳಿಗೆ ಏನೂ ಸಿಗುವುದಿಲ್ಲ. ಒಂದೊಂದಕ್ಕೂ ಅದರದೇ ರೆಸಿಸ್ಟರ್ ಕೊಡಿ. ಕೆಂಪಿಗೆ ಲೆಕ್ಕ ಹಾಕಿದರೆ 125 ಓಮ್ ಬರುತ್ತದೆ, 150 ಹಾಕಬಹುದು.

ಮಳೆಗಾಲ ಕಳೆದ ಮೇಲೆ

ಆ ಹುಡುಗಿಯ ತಾತನ ಟಾರ್ಚು ದೀಪಾವಳಿ ಹೊತ್ತಿಗೆ ಮತ್ತೆ ಬಂತು. ಸ್ವಿಚ್ಚಿನ ಮೂರನೇ ಕಾಲು ಖಾಲಿ, ಬೆಸುಗೆ ಎಲ್ಲ ಹೊಳೆಯುತ್ತಿತ್ತು. ಒಂದನೇ ಜಾಗದಲ್ಲೇ 0. ಬಾಕ್ಸು ತೆಗೆದರೆ ಸ್ಪ್ರಿಂಗಿನ ಮೇಲೆ ಬಿಳಿ ಹಿಟ್ಟಿನಂಥದ್ದು ಕಟ್ಟಿಕೊಂಡಿತ್ತು. ಸೆಲ್ಲು ಸೋರಿತ್ತು. ಮುಗಿದ ಸೆಲ್ಲನ್ನು ಒಳಗೇ ಬಿಟ್ಟರೆ ಹೀಗಾಗುತ್ತದೆ, ತೇವದಲ್ಲಿ ಸ್ಪ್ರಿಂಗು ಬೇಗ ತುಕ್ಕು ಹಿಡಿಯುತ್ತದೆ.

ಅದನ್ನು ಬರಿಗೈಯಲ್ಲಿ ಮುಟ್ಟಬೇಡಿ, ಊದಲೂ ಬೇಡಿ, ಕಣ್ಣಿಗೆ ಹಾರುತ್ತದೆ. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಕೆಡವಿ. ಸೆಲ್ಲಿನ ಮೇಲೆ ಆಲ್ಕಲೈನ್ ಅಂತ ಬರೆದಿದ್ದರೆ ಹತ್ತಿಗೆ ಎರಡು ಹನಿ ನಿಂಬೆರಸ ಹಾಕಿ ಒರೆಸಿ, ಆಮೇಲೆ ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ. ಮಾಮೂಲಿ ಸೆಲ್ಲಾದರೆ ನಿಂಬೆ ಬೇಡ, ಒದ್ದೆ ಬಟ್ಟೆ ಸಾಕು. ಪೂರ್ತಿ ಒಣಗಿದ ಮೇಲೆ ಲೋಹ ಹೊಳೆಯುವವರೆಗೆ ಮರಳು ಕಾಗದ ಉಜ್ಜಿ.

ಅವಳೇ ಉಜ್ಜಿದಳು, ಹೊಸ ಸೆಲ್ಲು ಹಾಕಿ ಅವಳೇ ಅಳೆದಳು. 4.6, 4.6, 3.2, 0. ಆಫ್ ಮಾಡಿ 4.7. ಐದೂ ನಂಬರನ್ನು ಮುಚ್ಚಳದ ಒಳಗೆ ಪೆನ್ಸಿಲಿನಲ್ಲಿ ಬರೆದು, ಸ್ಕ್ರೂ ಹಾಕಿ, ಜೇಬಿಗೆ ಸೇರಿಸಿಕೊಂಡು ಹೋದಳು.